ಮೆಗೀನಿಯನ್ನು ಹತ್ತು ವರ್ಷ ಸಹಿಸಿಕೊಂಡವರು

2024ರ ಜುಲೈನಲ್ಲಿ ಅರ್ಮಾ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಹಾಗೆ) ತಂಡ ಗೇಲಿಕ್ ಫುಟ್‌ಬಾಲ್‌ನ ಆಲ್-ಐರ್ಲೆಂಡ್, ಅಂದ್ರೆ ಐರ್ಲೆಂಡಿನ ಕೌಂಟಿಗಳ ಚಾಂಪಿಯನ್‌ಶಿಪ್ ಫೈನಲ್ ಗೆದ್ದಾಗ ಎಲ್ಲರೂ ಮ್ಯಾನೇಜರ್ ಕೀರನ್ ಮೆಗೀನಿ ಅವರ ಹಠ, ತಾಳ್ಮೆ ಅಂತ ಹೊಗಳಿದರು. ಹೊಗಳಲಿ, ತಪ್ಪೇನಿಲ್ಲ. ಆದರೆ ಅದರಲ್ಲಿ ಅರ್ಧ ಪಾಲು ಅವರನ್ನು ಮನೆಗೆ ಕಳಿಸದೆ ಉಳಿಸಿಕೊಂಡ ಕೌಂಟಿಯ ಕ್ಲಬ್‌ಗಳಿಗೆ ಸೇರಬೇಕು ಅಂತ ನನ್ನ ವಾದ.

ಗೇಲಿಕ್ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ತಂಡಕ್ಕೆ 15 ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಬಲೆಗೆ ಹಾಕಿದರೆ 3 ಪಾಯಿಂಟ್, ಅಡ್ಡಕಂಬಿ ಮೇಲಿಂದ ಹಾಯಿಸಿದರೆ ಆಗಿನ ನಿಯಮದಲ್ಲಿ 1. ಆಟಗಾರರಿಗೆ ಸಂಬಳ ಇಲ್ಲ. ಭಾನುವಾರ 80 ಸಾವಿರ ಜನರ ಮುಂದೆ ಆಡಿದವನು ಮತ್ತೆ ತನ್ನ ಕೆಲಸಕ್ಕೆ ಹೋಗಬೇಕು. ದುಡ್ಡು ಸುರಿದು ಹೊರಗಿನ ಸ್ಟಾರ್‌ಗಳನ್ನು ಕೊಳ್ಳುವ ಹಾಗೂ ಇಲ್ಲ. ಕೌಂಟಿಯಲ್ಲಿ ಇರುವ ಹುಡುಗರಲ್ಲೇ ತಂಡ ಕಟ್ಟಬೇಕು.

ಮೆಗೀನಿ ಅರ್ಮಾ ಕೌಂಟಿಯ ಮುಲ್ಲಾಬಾನ್‌ನವರು. ಅರ್ಮಾದ ಡಿಫೆನ್ಸ್ ನಡುವೆ ವರ್ಷಗಟ್ಟಲೆ ನಿಂತವರು. 2002ರ ಫೈನಲ್‌ನಲ್ಲಿ ಅವರೇ ಕ್ಯಾಪ್ಟನ್. ಅರ್ಧ ಆಟ ಮುಗಿದಾಗ ಕೆರ್ರಿ 4 ಪಾಯಿಂಟ್ ಮುಂದೆ. ಅರ್ಮಾ ಒಂದು ಪೆನಾಲ್ಟಿಯನ್ನೂ ಕೈಚೆಲ್ಲಿತ್ತು. ಆಗ ಮ್ಯಾನೇಜರ್ ಜೋ ಕರ್ನನ್, 1977ರಲ್ಲಿ ಫೈನಲ್ ಸೋತಾಗ ತಮಗೆ ಸಿಕ್ಕಿದ್ದ ಫಲಕವನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಗೋಡೆಗೆ ಎಸೆದರು. ನಿಮಗೂ ಇಂಥದ್ದೇ ಬೇಕಾ ಅನ್ನೋ ಅರ್ಥ. ಕೊನೆಗೆ ಅರ್ಮಾ 1 ಪಾಯಿಂಟ್‌ನಿಂದ ಗೆದ್ದಿತು. ಆ ಕೌಂಟಿಗೆ ಅದೇ ಮೊದಲ ಆಲ್-ಐರ್ಲೆಂಡ್. ಕಪ್ ಎತ್ತಿದ್ದು ಮೆಗೀನಿ.

2007ರಲ್ಲಿ ಆಟ ಬಿಟ್ಟವರು ಅದೇ ವರ್ಷ ಕಿಲ್ಡೇರ್ ಮ್ಯಾನೇಜರ್ ಆದರು. 2010ರಲ್ಲಿ ಆ ತಂಡವನ್ನು ಆಲ್-ಐರ್ಲೆಂಡ್ ಸೆಮಿಫೈನಲ್‌ಗೂ ಒಯ್ದರು. 2013ರಲ್ಲಿ ಕ್ಲಬ್ ಪ್ರತಿನಿಧಿಗಳು ಓಟು ಹಾಕಿ ಅವರನ್ನು ಕೆಳಗಿಳಿಸಿದರು. 29-28. ಒಂದೇ ಒಂದು ಓಟು! ಉಳಿಸಿಕೊಂಡಿದ್ದರೆ ಕಿಲ್ಡೇರ್ ಕಪ್ ಗೆಲ್ಲುತ್ತಿತ್ತು ಅಂತ ನಾನೇನೂ ಹೇಳಲ್ಲ. ಆದರೂ ಆ ಕ್ಲಬ್‌ಗಳವರು ಆಮೇಲೆ ಏನಂದುಕೊಂಡರೋ ಅನ್ನೋ ಕುತೂಹಲ ನನಗೆ ಇದ್ದೇ ಇದೆ.

ಮುಂದೆ ಸ್ವಂತ ಕೌಂಟಿಯ ಹೊಣೆ ಹೊತ್ತರು. ಶುರುವಿನ ವರ್ಷಗಳು ನೋಡೋಕೆ ಚೆನ್ನಾಗಿರಲಿಲ್ಲ. ಲೀಗ್‌ನಲ್ಲಿ ಮೂರನೇ ಡಿವಿಷನ್. ಉತ್ತರದ ಕೌಂಟಿಗಳ ಅಲ್ಸ್ಟರ್ ಟೂರ್ನಿಯಲ್ಲಿ ಒಂದು ಪಂದ್ಯ ಗೆಲ್ಲೋಕೆ 2019ರವರೆಗೆ ಕಾಯಬೇಕಾಯಿತು. ತಂಡ ಸುಧಾರಿಸಿದ ಮೇಲೆ ಪೆನಾಲ್ಟಿ ಶೂಟೌಟ್ ಕಾಟ ಹಿಡಿಯಿತು. 2022ರಲ್ಲಿ ಗಾಲ್ವೇ, 2023ರಲ್ಲಿ ಮೊದಲು ಡೆರ್ರಿ, ಆಮೇಲೆ ಮೊನಹನ್, 2024ರ ಅಲ್ಸ್ಟರ್ ಫೈನಲ್‌ನಲ್ಲಿ ಡೊನೆಗಾಲ್. ನಾಲ್ಕೂ ಸೋಲು ಪೆನಾಲ್ಟಿಯಲ್ಲೇ. ಇದರ ನಡುವೆ, ಮೂರನೇ ಸೋಲಿನ ನಂತರ, 'ಇನ್ನು ಸಾಕು, ಬದಲಾಯಿಸಿ' ಅನ್ನುವ ದನಿ ಜೋರಾಗಿ, 2023ರಲ್ಲಿ ಅಲ್ಲೂ ಓಟಿಗೆ ಬಂತು. ಈ ಸಲ ಕ್ಲಬ್‌ಗಳು ದೊಡ್ಡ ಬಹುಮತದಿಂದ ಅವರ ಪರ ನಿಂತವು.

ಬದಲಾಯಿಸಿ ಅಂದವರು ಮೂರ್ಖರಲ್ಲ. ಅಷ್ಟು ವರ್ಷದಲ್ಲಿ ಒಂದು ಅಲ್ಸ್ಟರ್ ಕಪ್ ಕೂಡ ಇಲ್ಲ ಅಂದ್ರೆ ಯಾರಾದರೂ ಕೇಳೋದೇ. ಆದರೆ ಇರುವ ಹುಡುಗರಲ್ಲೇ ತಂಡ ಕಟ್ಟುವ ಆಟದಲ್ಲಿ ಮ್ಯಾನೇಜರನ್ನು ಕಿತ್ತರೆ ಕಲಿಸಿದ್ದೆಲ್ಲ ಮೊದಲಿಂದ ಶುರು ಆಗಬೇಕು, ಅಲ್ವಾ?

2024ರ ಬೇಸಿಗೆಯಲ್ಲಿ ಅರ್ಮಾ ಸೆಮಿಫೈನಲ್‌ನಲ್ಲಿ ಕೆರ್ರಿಯನ್ನು ಹೆಚ್ಚುವರಿ ಸಮಯದಲ್ಲಿ ಮಣಿಸಿತು. ಫೈನಲ್‌ನಲ್ಲಿ ಎದುರಾಳಿ ಗಾಲ್ವೇ. ಹಿಂದೆ ನಿಂತು ಗೋಲು ಕಾಯಬೇಕಾದ ಫುಲ್ ಬ್ಯಾಕ್ ಏರನ್ ಮೆಕೇ ಮುಂದೆ ಓಡಿ ಬಂದು ಚೆಂಡನ್ನು ಕೈಯಿಂದ ಬಲೆಗೆ ತಳ್ಳಿದರು. ಪಂದ್ಯದ ಏಕೈಕ ಗೋಲು. ಅರ್ಮಾ 1 ಗೋಲು 11 ಪಾಯಿಂಟ್ (1-11), ಗಾಲ್ವೇ ಬರೀ 13 ಪಾಯಿಂಟ್ (0-13). ಅಂದ್ರೆ 14ಕ್ಕೆ 13.