ಎರಡು ತಲೆ ಹಾವಿಗೆ ಕೋಟಿ ಬೆಲೆ: ಸತ್ಯಾಂಶ ಏನು?

ಎರಡು ತಲೆಯ ಹಾವು ಕೋಟಿಗಟ್ಟಲೆ ಬೆಲೆಬಾಳುತ್ತದೆ, ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ ಎಂಬ ವಾಟ್ಸಾಪ್ ಸಂದೇಶ ಸುಳ್ಳು.

ಸಂದೇಶದ ಜೊತೆ ಬರುವ ಚಿತ್ರದಲ್ಲಿರುವುದು ಸಾಮಾನ್ಯವಾಗಿ ಮಣ್ಣುಮುಕ್ಕ ಹಾವು. ಅದಕ್ಕೆ ಒಂದೇ ತಲೆ. ಮೊಂಡು ಬಾಲ ತಲೆಯಂತೆ ಕಾಣುತ್ತದೆ, ಅಷ್ಟೇ. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಬಚ್ಚಿಟ್ಟು ಬಾಲವನ್ನು ಮುಂದೊಡ್ಡುತ್ತದೆ. ವಿಷವಿಲ್ಲ, ಇಲಿ ತಿಂದು ರೈತನಿಗೆ ಉಪಕಾರವನ್ನೇ ಮಾಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು ಅಪರಾಧ.

ನಮ್ಮ ಶಿರಸಿ, ಸಿದ್ದಾಪುರದ ಕಡೆ ಈ ಸುಳ್ಳಿನಿಂದ ಇನ್ನೊಂದು ಜೀವಿಗೂ ಅಪಾಯ. ಮಳೆಗಾಲದಲ್ಲಿ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವಾಗ, ಗೊಬ್ಬರಗುಂಡಿ ಕೆದಕುವಾಗ ಕಪ್ಪು ಮೈಯ, ಪಕ್ಕೆಯಲ್ಲಿ ಹಳದಿ ಪಟ್ಟೆಯ ಪ್ರಾಣಿಯೊಂದು ನುಣುಚಿ ಹೋಗುತ್ತದೆ. ಹತ್ತಿರದಿಂದ ನೋಡಿ: ಎರೆಹುಳುವಿನಂತೆ ಮೈತುಂಬ ಉಂಗುರದ ಗೆರೆ, ಒದ್ದೆ ಚರ್ಮ, ಕಂಡೂ ಕಾಣದ ಕಣ್ಣು. ಇದು ಹಾವಲ್ಲ, ಕಪ್ಪೆಯ ನೆಂಟ. ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯಚರ. ಪಶ್ಚಿಮ ಘಟ್ಟದ ಕೆಲವು ಸಿಸಿಲಿಯನ್‌ಗಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಎರಡು ತಲೆ ಹಾವೆಂದು ಹಿಡಿದರೆ ಅಥವಾ ವಿಷದ್ದೆಂದು ಹೊಡೆದರೆ ನಷ್ಟ ನಮ್ಮದೇ.

ಇಂಥ ಸಂದೇಶ ಬಂದರೆ ಚಿತ್ರವನ್ನು ಗೂಗಲ್ ಲೆನ್ಸ್‌ಗೆ (ಚಿತ್ರ ಕೊಟ್ಟು ಹುಡುಕುವ ಸೌಲಭ್ಯ) ಹಾಕಿ. ಅದೇ ಫೋಟೊ ಬೇರೆ ಊರಿನ ಹೆಸರಲ್ಲಿ ಹಿಂದೆಯೇ ಓಡಾಡಿದ್ದು ಹಲವು ಸಲ ಸಿಗುತ್ತದೆ. ಕೋಟಿ ಕೊಡುವವರು ಯಾರು, ಯಾವುದಕ್ಕೆ ಎಂದು ಸಂದೇಶ ಹೇಳುತ್ತದೆಯೇ ನೋಡಿ. ನೀವೇ ಕಂಡ ಪ್ರಾಣಿಯಾದರೆ ಮುಟ್ಟದೆ ಫೋಟೊ ತೆಗೆದು ಐನ್ಯಾಚುರಲಿಸ್ಟ್ ಎಂಬ, ಜೀವಿಗಳನ್ನು ಗುರುತಿಸುವ ಜಾಲತಾಣಕ್ಕೆ ಹಾಕಿ, ತಿಳಿದವರು ಗುರುತಿಸುತ್ತಾರೆ. ಜಾಗದ ಗುರುತನ್ನು ಮಾತ್ರ ಗ್ರೂಪುಗಳಲ್ಲಿ ಹಂಚಬೇಡಿ, ಹಿಡಿಯುವವರಿಗೆ ಬೇಕಿರುವುದು ಅದೇ.