ಬಣ್ಣ ಆಮೇಲೆ ಹೊಡೆಸಬಹುದು, ಮೊದಲು ಗೋಡೆ ನೋಡಿ

ಮನೆ ಕೊಳ್ಳುವಾಗ ಬಜೆಟ್ ಕಡಿಮೆ ಇದ್ದರೂ ಮೊದಲು ಕೋಣೆ ಎಷ್ಟಿವೆ ಅಂತ ನೋಡಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಇದು ಸರಿ ಅನ್ನಿಸಲಿಲ್ಲ. ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡಬೇಕು ಅಲ್ವಾ? ಬಣ್ಣ, ಟೈಲ್ಸ್, ಅಡುಗೆಮನೆ ಕಪಾಟು ಇವನ್ನೆಲ್ಲ ಕೈಯಲ್ಲಿ ದುಡ್ಡು ಓಡಾಡಿದಾಗ ಒಂದೊಂದಾಗಿ ಮಾಡಿಸಿಕೊಳ್ಳಬಹುದು, ಆದರೆ ಕೆಲಸಕ್ಕೆ ಹೋಗಿಬರುವ ದೂರ, ಕಿಟಕಿಯ ಬೆಳಕು, ಅಕ್ಕಪಕ್ಕದ ಗಲಾಟೆ ಇವು ಕೊಂಡ ಮೇಲೆ ನಮ್ಮ ಕೈಯಲ್ಲಿ ಇರುವುದಿಲ್ಲ.

ನಾವು ಒಂದು ಮನೆಗೆ ಇನ್ನೇನು ಮುಂಗಡ ಕೊಡಬೇಕು ಅಂತಿದ್ದೆವು. ಹೊಸ ಬಣ್ಣ, ದೊಡ್ಡ ಹಾಲ್. ಜೋರು ಮಳೆ ಬಂದ ಮರುದಿನ ಇನ್ನೊಮ್ಮೆ ಹೋದಾಗ ನನ್ನ ಹೆಂಡತಿ ಬೀರುವಿನ ಹಿಂದೆ ಕೈ ಹಾಕಿ ನೋಡಿದಳು, ಅಂಗೈಗೆ ಒದ್ದೆ ಸುಣ್ಣ ಮೆತ್ತಿಕೊಂಡು ಬಂತು. ದಯವಿಟ್ಟು ಒಂದೇ ಸಲ ನೋಡಿ ಒಪ್ಪಬೇಡಿ.

ಇನ್ನು ಸಾಲ. ಶೇ. 9 ಬಡ್ಡಿಗೆ 20 ವರ್ಷದ ಸಾಲ ತೆಗೆದುಕೊಂಡರೆ ಕಟ್ಟುವ ಬಡ್ಡಿಯೇ ಅಸಲಿಗಿಂತ ಜಾಸ್ತಿ ಆಗುತ್ತದೆ. ಬ್ಯಾಂಕ್ ಕೊಡುತ್ತದೆ ಅಂತ ಸುಮ್ನೆ ಅಷ್ಟೂ ತೆಗೆದುಕೊಳ್ಳಬೇಡಿ. ನೋಂದಣಿ, ರಿಪೇರಿ, ಸಾಮಾನು ಸಾಗಿಸುವ ಖರ್ಚು ಎಲ್ಲ ತೆಗೆದಿಟ್ಟು, ಉಳಿದದ್ದರಲ್ಲಿ ಮನೆ ಹುಡುಕಿ. ಒಂದು ಕೋಣೆ ಕಡಿಮೆಯಾದರೂ ಪರವಾಗಿಲ್ಲ.