ಹಳೇ ರೇಡಿಯೊದಲ್ಲಿ ‘ಕೆಂಪು ಪಾದರಸ’ ಇದೆಯೇ?

ಹಳೇ ರೇಡಿಯೊ, ಟಿವಿಗಳಲ್ಲಿ ‘ಕೆಂಪು ಪಾದರಸ’ ಇದೆ, ಅದು 1960ರ ದಶಕದ ಸೋವಿಯತ್ ರಹಸ್ಯ ಪ್ರಯೋಗಾಲಯದ ವಸ್ತು, ಬೆಲೆ ಕೋಟಿಗಟ್ಟಲೆ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿದೆ. ಅಂಥ ವಸ್ತುವೇ ಇಲ್ಲ.

ಆ ಕಾಲದ ಸೋವಿಯತ್ ರಸಾಯನಶಾಸ್ತ್ರ ದೊಡ್ಡದೇ. ರಾಸಾಯನಿಕ ಸರಪಳಿ ಕ್ರಿಯೆಗಳ (ಒಂದು ಕ್ರಿಯೆ ಮುಂದಿನದನ್ನು ಹುಟ್ಟಿಸುತ್ತ ಸಾಗುವಂಥವು) ಅಧ್ಯಯನಕ್ಕೆ 1956ರಲ್ಲಿ ನೊಬೆಲ್ ಕೂಡ ಬಂತು. ಅಣ್ವಸ್ತ್ರದ ಕೆಲಸವೂ ಗುಟ್ಟಾಗಿ ನಡೆದಿತ್ತು. ಹಾಗಾಗಿ ಈ ಕತೆ ನಂಬುವಂತೆ ಕೇಳಿಸುತ್ತದೆ, ನಂಬಿದವರನ್ನು ದೂರಲಾಗದು.

ಪಾದರಸ ಲೋಹದ ಬಣ್ಣ ಬೆಳ್ಳಿಯದು. ಕೆಂಪಾಗಿರುವುದು ಅದರ ಸಂಯುಕ್ತಗಳು: ಗಂಧಕ ಸೇರಿದರೆ ಇಂಗಳೀಕ, ಅಯೋಡಿನ್ ಸೇರಿದರೆ ಇನ್ನೊಂದು ಕೆಂಪು ಪುಡಿ. ಎರಡೂ ಗುಟ್ಟಿನವಲ್ಲ. ಹಳೇ ರೇಡಿಯೊದೊಳಗಿನ ಬಲ್ಬಿನಂಥ ವಾಲ್ವಿನ ಗಾಜಿನೊಳಗೆ ಕನ್ನಡಿಯಂತೆ ಹೊಳೆಯುವುದು ಸಾಮಾನ್ಯವಾಗಿ ಬೇರಿಯಂ ಲೇಪ. ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲೆಂದೇ ಅದನ್ನು ಹಾಕುತ್ತಿದ್ದರು.

ನೀವೇ ಪರೀಕ್ಷಿಸಬಹುದು. ‘ಕೆಂಪು ಪಾದರಸ’ದ ರಾಸಾಯನಿಕ ಸೂತ್ರವೇನು ಎಂದು ಸಂದೇಶ ಕಳಿಸಿದವರನ್ನು ಕೇಳಿ, ಅವರ ಉತ್ತರವನ್ನು ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ತೋರಿಸಿ. ಈ ವಸ್ತು ಬೆಳ್ಳುಳ್ಳಿ ಕಂಡರೆ ದೂರ ಸರಿಯುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ ಎನ್ನುವ ವಿಡಿಯೊಗಳಲ್ಲಿ ತೂಕ, ಸಾಂದ್ರತೆಯ ಅಳತೆ ಇದೆಯೇ ನೋಡಿ. ಮಾರಿಸಿಕೊಡುತ್ತೇನೆಂದು ಮುಂಗಡ ಕೇಳಿದರೆ ಕೊಡಬೇಡಿ. ಆಸೆಗೆ ಬಿದ್ದು ಥರ್ಮಾಮೀಟರ್, ಟ್ಯೂಬ್‌ಲೈಟ್ ಮಾತ್ರ ಒಡೆಯಬೇಡಿ. ಅವುಗಳಲ್ಲಿರುವ ಪಾದರಸದ ಆವಿ ನಿಜಕ್ಕೂ ವಿಷ.